ರಾಗಿ ವಾಡೆಯೊಳಗಿನ ಮೂರನೆಯ ಪ್ರತಿ

ನಾನು ಒಂದು ಪುಸ್ತಕ ಎಂದು ಹೇಳಿಕೊಂಡರೆ ಅಂಗಡಿಯ ಪುಸ್ತಕಗಳು ಮೂಗು ಮುರಿಯುತ್ತವೆ. ನನಗೆ ಅಚ್ಚುಕೂಟ ಗೊತ್ತಿಲ್ಲ. ನಾನು ಹುಟ್ಟಿದ್ದು ಮರಳಗುಂಟೆಯ ವಿಮಾನ ಮೈದಾನದ ಬಿದಿರು ತಟ್ಟಿಯ ಆಫೀಸಿನಲ್ಲಿ, ಒಂದು ಟೈಪ್‌ರೈಟರಿನ ಬಾಯಿಂದ. ಅದೂ ಮೂರನೆಯ ಪ್ರತಿಯಾಗಿ. ಮೊದಲ ಹಾಳೆಗೆ ಟೈಪಿನ ಏಟು ನೇರವಾಗಿ ಬೀಳುತ್ತಿತ್ತು. ಎರಡು ಕಾರ್ಬನ್ ದಾಟಿ ನನ್ನ ಬಳಿ ಬರುವಷ್ಟರಲ್ಲಿ ಆ ಏಟಿನ ಕಸುವೆಲ್ಲ ಮುಗಿದು, ನನ್ನ ಅಕ್ಷರಗಳು ಆಗತಾನೇ ಜ್ವರ ಬಿಟ್ಟವರಂತೆ ಬಿಳಿಚಿಕೊಂಡಿರುತ್ತಿದ್ದವು. ಆದರೂ ಓದಲು ಬರುತ್ತಿತ್ತು. ಓದುವವರಿದ್ದರೆ.

ಅದು ಯುದ್ಧದ ಕಾಲ. ಅಮೆರಿಕದ ಒಂದು ಬಾಂಬರ್ ದಳ ಮರಳಗುಂಟೆಯ ಹುರುಳಿ ಹೊಲಗಳನ್ನು ಮಟ್ಟ ಮಾಡಿಸಿಕೊಂಡು ಅಲ್ಲಿ ಬೀಡುಬಿಟ್ಟಿತ್ತು. ದಳದವರು ತಮ್ಮ ಚರಿತ್ರೆಯನ್ನು ತಾವೇ ಬರೆದಿಡಬೇಕೆಂದು ಮೇಲಿನವರ ಅಪ್ಪಣೆ. ಯಾವ ದಿನ ಎಷ್ಟು ವಿಮಾನ ಹಾರಿದವು, ಎಷ್ಟು ಮರಳಿದವು, ಯಾರಿಗೆ ಪದಕ ಬಂತು, ಯಾರಿಗೆ ಮಲೇರಿಯಾ ಬಂತು, ಎಲ್ಲವೂ ಅದರಲ್ಲಿರಬೇಕು. ಬರೆಯುವ ಕೆಲಸ ಸಾರ್ಜೆಂಟ್ ವಾಲ್ಟನ್ ಎಂಬ ಬೋಳುತಲೆಯವನದು. ಎರಡೇ ಬೆರಳಲ್ಲಿ ಟೈಪು ಮಾಡುತ್ತಿದ್ದ, ತಪ್ಪಾದಾಗಲೆಲ್ಲ ತನ್ನನ್ನೇ ಬೈದುಕೊಳ್ಳುತ್ತಿದ್ದ. ಮೊದಲ ಪ್ರತಿ ಅಮೆರಿಕಕ್ಕೆ, ಎರಡನೆಯದು ದೆಹಲಿಗೆ, ನಾನು ಅವನ ಮೇಜಿನ ಕೆಳಗಿನ ಪೆಟ್ಟಿಗೆಗೆ. ನನ್ನ ಸೆರೆವಾಸ ಹುಟ್ಟಿದ ದಿನವೇ ಶುರುವಾಯಿತು ಎನ್ನಬೇಕು.

ನನ್ನಲ್ಲಿ ನೂರಾರು ಪುಟಗಳಿದ್ದವು. ಬಹುಪಾಲು ಒಣ ಸಂಗತಿ, ನನಗೇ ಬೇಸರ ಬರುವಂಥದ್ದು. ಮೂವತ್ತೇಳನೆಯ ಪುಟ ಹಾಗಲ್ಲ. ಅದನ್ನು ಟೈಪು ಮಾಡುವಾಗ ವಾಲ್ಟನ್ ತನ್ನನ್ನು ಬೈದುಕೊಳ್ಳಲಿಲ್ಲ, ಒಂದೊಂದು ಅಕ್ಷರಕ್ಕೂ ನಿಂತು ನಿಂತು ಹೋದ. ಜನವರಿಯ ಒಂದು ಬೆಳಗಿನ ಜಾವ ಮೈದಾನದ ಮೇಲೆ ದಟ್ಟ ಮಂಜು ಬಿದ್ದಿತ್ತು. ಬರ್ಮಾ ಕಡೆಯಿಂದ ಮರಳಿದ ಒಂದು ವಿಮಾನಕ್ಕೆ ನೆಲ ಕಾಣುತ್ತಿರಲಿಲ್ಲ. ರನ್‌ವೇಯ ಎರಡು ಬದಿಗೂ ಸೀಮೆಎಣ್ಣೆಯ ದೀಪ ಇಡುತ್ತಿದ್ದರು, ತೆಂಕಣ ತುದಿಯ ದೀಪಗಳು ಆರಿಹೋಗಿದ್ದವು. ದೀಪದಾಳುಗಳೆಲ್ಲ ಆಗಲೇ ಮನೆಗೆ ಹೊರಟಿದ್ದರು. ಅವರಲ್ಲಿ ಪಿಳ್ಳಮುನಿಯಪ್ಪ ಎಂಬವನೊಬ್ಬ ವಿಮಾನದ ಸದ್ದು ಕೇಳಿ ವಾಪಸು ಓಡಿಬಂದು ಆ ದೀಪಗಳನ್ನು ಒಂದೊಂದಾಗಿ ಹಚ್ಚಿದ. ವಿಮಾನ ಇಳಿಯಿತು. ಆದರೆ ನಿಲ್ಲದೆ ಮುಂದಕ್ಕೆ ಜಾರಿ, ತುದಿಯಲ್ಲಿದ್ದ ಪೆಟ್ರೋಲ್ ಕೊಟ್ಟಿಗೆಗೆ ಗುದ್ದಿತು. ಒಳಗಿದ್ದ ಒಂಬತ್ತು ಮಂದಿ ಧುಮುಕಿ ಓಡಿ ಬದುಕಿಕೊಂಡರು. ದೀಪ ಹಿಡಿದು ಅಲ್ಲೇ ನಿಂತಿದ್ದವನು ಬದುಕಲಿಲ್ಲ. ಬೆಂಕಿ ಸಂಜೆಯವರೆಗೂ ಉರಿಯಿತು, ಮಣ್ಣು ಮಾಡಲು ಅವನ ಒಂದು ಎಲುಬೂ ಸಿಗಲಿಲ್ಲ. ಬದುಕಿ ಬಂದವರು ಇಷ್ಟನ್ನೂ ವಾಲ್ಟನ್‌ಗೆ ಹೇಳಿ ಬರೆಸಿದರು.

ಮಾರನೆಯ ದಿನ ಅವನ ಮೇಲಿನ ಅಧಿಕಾರಿ ಆ ಪುಟ ಓದಿದ. ಇದು ನಮ್ಮ ದಳದ ಚರಿತ್ರೆ, ಕೂಲಿಯಾಳುಗಳ ವಿಚಾರ ಕಂಟ್ರಾಕ್ಟರ್ ನೋಡಿಕೊಳ್ಳುತ್ತಾನೆ, ಪುಟ ಬದಲಿಸು ಎಂದ. ವಾಲ್ಟನ್ ಬದಲಿಸಿದ. ಹೊಸ ಪುಟದಲ್ಲಿ ವಿಮಾನವಿತ್ತು, ಮಂಜಿತ್ತು, ಒಂಬತ್ತು ಜನರಿದ್ದರು. ಮೊದಲೆರಡು ಪ್ರತಿಗಳಿಗೆ ಅದನ್ನು ಸೇರಿಸಿದ. ನನ್ನನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದು, ಹಳೆಯ ಪುಟದ ಸಮೇತ ಹಾಗೆಯೇ ಪೆಟ್ಟಿಗೆಗೆ ಹಾಕಿದ. ಹೆದರುಪುಕ್ಕಲ, ಆದರೆ ಒಳ್ಳೆಯವನು.

ಕಂಟ್ರಾಕ್ಟರ್ ವಿಚಾರ ನೋಡಿಕೊಂಡ ಬಗೆಯನ್ನೂ ಹೇಳಿಬಿಡುತ್ತೇನೆ. ಅವನೇ ಮಾರಿಕೊಂಡಿದ್ದ ಪೆಟ್ರೋಲ್ ಡಬ್ಬಗಳಿಗೆ ಒಬ್ಬ ಕಳ್ಳ ಬೇಕಾಗಿತ್ತು. ಪಿಳ್ಳಮುನಿಯಪ್ಪ ಅವನ್ನು ಕದ್ದುಕೊಂಡು ಊರು ಬಿಟ್ಟ ಎಂದು ದೂರು ಕೊಟ್ಟ. ಒಬ್ಬ ಪೊಲೀಸಿನವನು ಮರಳಗುಂಟೆಗೆ ಬಂದು, ಪಿಳ್ಳಮುನಿಯಪ್ಪನ ಮನೆಯ ಮುಂದೆ ನಿಂತು, ಬೀದಿಯವರೆಲ್ಲ ಕೇಳುವಂತೆ ಆ ಕಾಗದವನ್ನು ಓದಿ ಹೋದ. ಹೊಸ್ತಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡವಳು ಅವನ ಹೆಂಡತಿ ಅಕ್ಕಯ್ಯಮ್ಮ. ಹತ್ತೊಂಬತ್ತು ವರ್ಷದವಳು, ಕಂಕುಳಲ್ಲಿ ಆರು ತಿಂಗಳ ಹೆಣ್ಣು ಕೂಸು.

ಯುದ್ಧ ಮುಗಿದು ದಳ ಹೊರಟಿತು. ವಾಲ್ಟನ್ ನನ್ನನ್ನು ಪೆಟ್ಟಿಗೆಯಿಂದ ತೆಗೆದು, ಮೂವತ್ತೇಳನೆಯ ಪುಟ ಬಿಡಿಸಿ, ಆಫೀಸಿನ ಜವಾನ ಚನ್ನಿಗರಾಯಪ್ಪನಿಗೆ ಬೆರಳಿಟ್ಟು ತೋರಿಸಿದ. ಪಿಳ್ಳಮುನಿಯಪ್ಪನ ಹೆಸರು ಹೇಳಿದ, ಅವನ ಹೆಂಡತಿಗೆ ಕೊಡು ಎಂದು ಸನ್ನೆ ಮಾಡಿದ. ಅವನಿಗೆ ಕನ್ನಡ ಬಾರದು, ಇವನಿಗೆ ಇಂಗ್ಲಿಷ್ ಬಾರದು. ಚನ್ನಿಗರಾಯಪ್ಪ ನಂಬಿಗಸ್ತ, ನನ್ನನ್ನು ಪಂಚೆಯಲ್ಲಿ ಸುತ್ತಿಕೊಂಡು ನೇರ ಅಕ್ಕಯ್ಯಮ್ಮನ ಮನೆಗೆ ತಂದ.

“ಸಾಯೇಬ್ರು ಒಂಟೋದ್ರು ಕಣವ್ವ. ಇದನ್ನ ನಿಂಗೇ ಕೊಡ್ಬೇಕಂತೆ.”

“ಏನೈತಣ್ಣ ಇದ್ರಾಗೆ?” ಅವಳು ಕೈ ಚಾಚಲಿಲ್ಲ.

“ನಂಗೇನ್ ಗೊತ್ತವ್ವ? ನಿನ್ ಗಂಡನ್ ಹೆಸ್ರೈತೆ. ಅದ್ನ ಮಾತ್ರ ಬೆರ್ಳಿಕ್ಕಿ ತೋರ್ಸಿದ್ರು.”

ನನಗೆ ಕುಣಿಯುವಷ್ಟು ಖುಷಿಯಾಯಿತು. ಬಂದು ಸೇರಬೇಕಾದ ಕಡೆಗೇ ಬಂದು ಸೇರಿದ್ದೆ. ಆದರೆ ಅವಳ ಮುಖ ನೋಡಿ ನನ್ನ ಖುಷಿ ಇಳಿದುಹೋಯಿತು. ಕ್ಯಾಂಪಿನ ಕಡೆಯಿಂದ ಅವಳ ಮನೆಗೆ ಈ ಮೊದಲು ಬಂದಿದ್ದದ್ದು ಒಂದೇ ಕಾಗದ, ಅದು ಅವಳ ಗಂಡನನ್ನು ಕಳ್ಳನನ್ನಾಗಿ ಮಾಡಿ ಹೋಗಿತ್ತು. ಈಗ ಬಂದಿರುವುದು ಕಾಗದವಲ್ಲ, ಇಡೀ ಪುಸ್ತಕ, ಅದರಲ್ಲೂ ಅವನ ಹೆಸರು! ಇನ್ನೆಷ್ಟು ಕಳವು ಬರೆದಿದ್ದಾರೋ ಎಂದುಕೊಂಡಳು.

“ಅಣ್ಣ, ನಿನ್ ಕಾಲ್ ಹಿಡ್ಕಂತೀನಿ. ಇದು ನನ್ನತ್ರ ಐತೆ ಅಂತ ಯಾರ್ಗೂ ಹೇಳ್‌ಬ್ಯಾಡ. ನಮ್ಮೋರು ತಿರುಗ್ ಬಂದಾಗ ಪೊಲೀಸ್ನೋರು ಹಿಡ್ಕಂಡೋಗ್ತಾರೆ,” ಎಂದಳು. ಚನ್ನಿಗರಾಯಪ್ಪ ಆಣೆ ಮಾಡಿ ಹೋದ, ಸಾಯುವವರೆಗೂ ಮಾತು ಉಳಿಸಿಕೊಂಡ. ಅವನು ಸ್ವಲ್ಪ ಬಾಯಿಬಡುಕನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸಿದ್ದು ಒಂದೆರಡು ಸಲವಲ್ಲ.

ಅವತ್ತೇ ಅವಳು ನನ್ನನ್ನು ಒಲೆಯ ಮುಂದೆ ಒಯ್ದಳು. ಒಂದು ಮೂಲೆಯನ್ನು ಉರಿಗೆ ಹಿಡಿದೂ ಬಿಟ್ಟಳು, ಆ ಸುಟ್ಟ ಗುರುತು ಇವತ್ತಿಗೂ ನನ್ನ ಬೆನ್ನಿನ ರಟ್ಟಿನ ಮೇಲಿದೆ. ಆಮೇಲೆ ಸರಕ್ಕನೆ ಹಿಂದಕ್ಕೆಳೆದು ಸೆರಗಿನಿಂದ ಒತ್ತಿ ಆರಿಸಿ, “ಅವ್ರ ಹೆಸ್ರೈತಲ್ಲ, ಹೆಂಗ್ ಸುಡ್ಲಿ,” ಎಂದು ಅತ್ತಳು. ಸುಡುವ ಹಾಗಿಲ್ಲ, ಹೊರಗೆ ಬಿಡುವ ಹಾಗೂ ಇಲ್ಲ. ಕೊನೆಗೆ ಒಂದು ಹಳೆಯ ರವಿಕೆಯ ಬಟ್ಟೆಯಲ್ಲಿ ಕಟ್ಟಿ, ನಡುಮನೆಯಲ್ಲಿದ್ದ, ದವಸ ತುಂಬಿಡುವ ಸೊಂಟದೆತ್ತರದ ಮಣ್ಣಿನ ವಾಡೆಯ ತಳಕ್ಕೆ ಇಳಿಸಿ, ಮೇಲೆ ರಾಗಿ ಸುರಿದಳು.

ರಾಗಿಗೆ ಹುಳು ಬೀಳುವುದಿಲ್ಲ. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ, ತನ್ನ ಜೊತೆ ಇಟ್ಟದ್ದನ್ನೂ ಕೆಡಿಸುವುದಿಲ್ಲ. ಹಾಗಾಗಿ ಸತ್ತು ಬಿಡುಗಡೆಯಾಗುವ ಭಾಗ್ಯವೂ ನನಗಿರಲಿಲ್ಲ. ಕತ್ತಲು, ಎದೆಯ ಮೇಲೆ ರಾಗಿಯ ಭಾರ, ಇಷ್ಟೇ ನನ್ನ ಲೋಕ. ಇಂಗ್ಲಿಷಿನಲ್ಲಿ ಹುಟ್ಟಿದ ನಾನು ಕನ್ನಡವನ್ನು ಪೂರ್ತಿ ಕಲಿತದ್ದು ಅಲ್ಲಿಯೇ, ವಾಡೆಯ ಗೋಡೆಗೆ ಕಿವಿಯಾನಿಸಿಕೊಂಡು. ಮನೆಯಲ್ಲಿ ನಡೆದದ್ದೆಲ್ಲ ನನಗೆ ತಿಳಿದದ್ದೂ ಹಾಗೆಯೇ. ಸುಗ್ಗಿಯಲ್ಲಿ ರಾಗಿ ತುಂಬುತ್ತಿತ್ತು, ಬೇಸಿಗೆಗೆ ಇಳಿಯುತ್ತಿತ್ತು. ಒಂದು ಮೊಳ ರಾಗಿ ಉಳಿದಿದೆ ಎನ್ನುವಾಗಲೇ ಅವಳು ಅಳೆಯುವುದನ್ನು ನಿಲ್ಲಿಸಿ, ನೆರೆಮನೆಯಿಂದ ಕಡ ತರುತ್ತಿದ್ದಳು. ತಳದವರೆಗೆ ಕೈ ಇಳಿಸಿ ಬಟ್ಟೆಯನ್ನು ಮುಟ್ಟಿ, “ಐತೆ,” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮಗಳು ತಾಯಮ್ಮ ದೊಡ್ಡವಳಾದ ಮೇಲೂ ವಾಡೆಗೆ ಕೈ ಹಾಕಗೊಡಲಿಲ್ಲ.

ಪ್ರತಿದಿನ ಬೆಳಗ್ಗೆ ಅಕ್ಕಯ್ಯಮ್ಮ ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಗಂಡ ಓಡಿಹೋದವನು, ಸತ್ತವನಲ್ಲ, ಒಂದಲ್ಲ ಒಂದು ದಿನ ಬರುತ್ತಾನೆ. ಎಂದೂ ಮುಚ್ಚದ ಬಾಗಿಲಿಗೆದುರಾಗಿ ಕೂತು ಕಾಳು ಕೇರುತ್ತಿದ್ದಳು, ಬಾಗಿಲಿಗೆದುರಾಗಿಯೇ ಉಣ್ಣುತ್ತಿದ್ದಳು. ನಾಯಿ ಬೊಗಳಿದರೆ ತುತ್ತು ಬಿಟ್ಟು ಏಳುತ್ತಿದ್ದಳು. ಅವನು ಬರುವುದಿಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ.

ತಾಯಮ್ಮನನ್ನು ನೋಡಲು ಮೂರು ಸಲ ಗಂಡಿನ ಕಡೆಯವರು ಬಂದರು. ಮೂರು ಸಲವೂ ಯಾರೋ ಕಿವಿ ಊದಿದರು. ಮೂರನೆಯವರಲ್ಲಿ ಒಬ್ಬ ಹೆಂಗಸು ನಡುಮನೆಯಲ್ಲೇ, ನನ್ನ ವಾಡೆಗೆ ಒರಗಿ ನಿಂತು, “ಕಳ್ಳನ್ ಮಗಳ್ನ ತಂದ್ಕೊಂಡ್ರೆ ನಮ್ಮನೆ ಡಬ್ಬಕ್ಕೆಲ್ಲ ಬೀಗ ಹಾಕ್ಬೇಕಾಯ್ತದೆ,” ಎಂದು ನಕ್ಕಳು. ಅಕ್ಕಯ್ಯಮ್ಮ ಬಾಯಿ ಬಿಡಲಿಲ್ಲ. ಅವಳ ಮೇಲೆ ನನಗೆ ತಡೆಯಲಾರದ ಸಿಟ್ಟು ಬಂತು. ಒಂದು ಮೊಳ ದೂರದಲ್ಲಿ ನಾನಿದ್ದೆ, ಒಂದೇ ಪುಟ ಸಾಕಾಗಿತ್ತು. ಯಾರ ಮಾನ ಕಾಯಲು ನನ್ನನ್ನು ಹೂತಿದ್ದಳೋ ಅವನ ಮಾನ ನನ್ನ ಜೊತೆಯಲ್ಲೇ ಹೂತುಹೋಗಿತ್ತು. ಕೂಗಲು ನನಗೆ ಬಾಯಿಲ್ಲ, ಅಕ್ಷರ ಮಾತ್ರ ಇದೆ. ಕಡೆಗೆ ತಾಯಮ್ಮನನ್ನು ಆಚೆ ಸೀಮೆಯ ಒಬ್ಬನಿಗೆ ಎರಡನೇ ಸಂಬಂಧಕ್ಕೆ ಕೊಟ್ಟರು. ಹಾಗೆ ನಲವತ್ತೊಂದು ವರ್ಷ ಕಳೆಯಿತು.

ಒಂದು ದಿನ ಮನೆಯಲ್ಲಿ ಹೊಸ ದನಿ ಕೇಳಿಸಿತು. ಪೇಟೆಯ ಕಾಲೇಜಿನಲ್ಲಿ ಚರಿತ್ರೆ ಹೇಳಿಕೊಡುವ ಶಶಿರೇಖಾ ಎಂಬವರು. ಮರಳಗುಂಟೆಯಲ್ಲಿ ಬೀಡುಬಿಟ್ಟಿದ್ದ ಬಾಂಬರ್ ದಳದ ಕಥೆ ಕಲೆಹಾಕುತ್ತಿದ್ದರು. ಯಾರ ಮನೆಯಲ್ಲಾದರೂ ಆ ಕಾಲದ ಕಾಗದ, ಫೋಟೋ ಇದೆಯೇ ಎಂದು ಮನೆಮನೆಗೂ ಕೇಳಿಕೊಂಡು ಬಂದಿದ್ದರು. ಬಾಣಂತಿ ಮಗಳನ್ನು ತನ್ನ ತವರಿಗೆ ಕರೆತಂದಿದ್ದ ತಾಯಮ್ಮ ಅವರಿಗೆ ಚಾಪೆ ಹಾಸಿದಳು.

“ಏನೂ ಇಲ್ಲ, ಹೋಗಿ,” ಎಂದಳು ಅಕ್ಕಯ್ಯಮ್ಮ.

“ಪರವಾಗಿಲ್ಲಮ್ಮ. ಆ ದಳದವರೇ ಬರೆದಿಟ್ಟ ಚರಿತ್ರೆ ಅಮೆರಿಕದಿಂದ ತರಿಸಿಕೊಂಡಿದ್ದೀನಿ. ನಿಮ್ಮೂರಿನವರ ಬಾಯಲ್ಲೂ ಕೇಳೋಣ ಅಂತ ಬಂದೆ.”

ಅಕ್ಕಯ್ಯಮ್ಮನ ಕೈಯಲ್ಲಿದ್ದ ಮೊರ ನಿಂತಿತು. “ಅದ್ನ ಓದಿದ್ದೀರಾ? ಅದ್ರಾಗೆ ಪೆಟ್ರೋಲ್ ಕಳ್ತನದ್ ಇಚಾರ ಏನ್ ಬರ್ದವ್ರೆ?”

“ಪೂರ್ತಿ ಓದಿದ್ದೀನಿ. ಕಳ್ಳತನದ ಸುದ್ದಿಯೇ ಇಲ್ಲ. ನಿಮ್ಮೂರಿನ ಒಬ್ಬರ ಹೆಸರೂ ಇಲ್ಲ.”

“ಒಬ್ರುದೂ ಇಲ್ವಾ?”

“ಇಲ್ಲಮ್ಮ.”

ಅವರು ಹೋದ ಮೇಲೆ ಎರಡು ದಿನ ಅವಳು ಊಟ ಸರಿಯಾಗಿ ಮಾಡಲಿಲ್ಲ. ಅಮೆರಿಕದಿಂದ ಬಂದ ಪುಸ್ತಕದಲ್ಲಿ ಕಳವೂ ಇಲ್ಲ, ಹೆಸರೂ ಇಲ್ಲ. ಹಾಗಾದರೆ ವಾಡೆಯಲ್ಲಿರುವ ಪುಸ್ತಕದಲ್ಲಿ ಹೆಸರು ಯಾಕೆ ಬಂತು? ಮೂರನೆಯ ದಿನ ತಾಯಮ್ಮನನ್ನು ಪೇಟೆಗೆ ಕಳಿಸಿ ಶಶಿರೇಖಾ ಅವರನ್ನು ಕರೆಸಿದಳು. ಅವರು ಬರುವಷ್ಟರಲ್ಲಿ ವಾಡೆಯ ರಾಗಿಯನ್ನೆಲ್ಲ ನೆಲಕ್ಕೆ ತೋಡಿ ಹಾಕಿದ್ದಳು. ಬೆಳಕು ಕಂಡು ನಾನು ದಿಕ್ಕುಗೆಟ್ಟೆ. ನನ್ನ ಮೇಲೆ ಬಗ್ಗಿದ್ದ ಮುಖವನ್ನು ನಾನು ಗುರುತಿಸಲಿಲ್ಲ, ಅದು ಮುದುಕಿಯ ಮುಖವಾಗಿತ್ತು.

“ಯಾರ ಹೆಸರು ನೋಡಬೇಕಮ್ಮ?” ಎಂದು ಶಶಿರೇಖಾ ಕೇಳಿದರು. ಗಂಡನ ಹೆಸರು ಹೇಳಿ ಅಭ್ಯಾಸವಿಲ್ಲದ ಅಕ್ಕಯ್ಯಮ್ಮ ಮಗಳ ಕಡೆ ನೋಡಿದಳು. ತಾಯಮ್ಮ ಹೇಳಿದಳು. ಶಶಿರೇಖಾ ಒಂದೊಂದೇ ಹಾಳೆ ಮಗುಚಿ, ಮೂವತ್ತೇಳಕ್ಕೆ ಬಂದು, ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಮತ್ತೆ ಮೊದಲಿನಿಂದ ಕನ್ನಡದಲ್ಲಿ ಹೇಳಿದರು. ಮಂಜು, ಆರಿದ ದೀಪ, ವಾಪಸು ಓಡಿಬಂದವನು, ಒಂಬತ್ತು ಜೀವ, ಬೆಂಕಿ.

ಇದೇ ಗಳಿಗೆಗಾಗಿ ನಾನು ನಲವತ್ತೊಂದು ವರ್ಷ ಕಾದಿದ್ದೆ. ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಎಂಥ ದಡ್ಡ ನಾನು!

“ಹಂಗಾದ್ರೆ ಅವ್ರು ಬರಾಕಿಲ್ಲ,” ಎಂದಳು ಅಕ್ಕಯ್ಯಮ್ಮ.

ಅವಳು ಸೆರಗಿನ ತುದಿ ತೆಗೆದುಕೊಂಡು ಹಣೆಯ ಕುಂಕುಮವನ್ನು ತಾನೇ ಒರೆಸಿಕೊಂಡಳು. ತಾಯಮ್ಮ ಕೈ ಹಿಡಿಯಲು ಹೋದಾಗ ಬಿಡಿಸಿಕೊಂಡಳು. ಬಳಿಕ ಎದ್ದು ಬಾಗಿಲಿಗೆ ನಡೆದಳು.

“ಮೇಡಮ್ಮ, ಇನ್ನೊಂದ್ ಕಿತ ಓದಿ. ಬೀದಿಯಾಗ್ ನಿಂತ್ಕಂಡು ಓದಿ. ಅವತ್ತು ಪೊಲೀಸ್ನೋನು ಓದ್ದಾಗ ಎಲ್ರೂ ಬಂದ್ ಕೇಳ್ಕಂಡಿದ್ರು.”

ಶಶಿರೇಖಾ ಬೀದಿಯಲ್ಲಿ ನಿಂತು ಓದಿದರು. ಅವತ್ತು ಕೇಳಿದವರಲ್ಲಿ ಬದುಕಿದ್ದವರು ನಾಲ್ಕೈದು ಮಂದಿ, ಅವರು ಕೋಲೂರಿಕೊಂಡು ಬಂದು ತಲೆ ತಗ್ಗಿಸಿ ನಿಂತರು. ಉಳಿದವರು ಅವರ ಮಕ್ಕಳು, ಮೊಮ್ಮಕ್ಕಳು. ಓದಿ ಮುಗಿದ ಮೇಲೆ ಒಬ್ಬ ಮುದುಕ, “ತಪ್ಪಾಯ್ತು ಕಣವ್ವ,” ಎಂದ. ಅವಳು ಅವನ ಕಡೆ ನೋಡಲಿಲ್ಲ.

ನನ್ನನ್ನು ಕಾಲೇಜಿಗೆ ಕೊಡಲು ಅಕ್ಕಯ್ಯಮ್ಮ ಒಪ್ಪಿದಳು, ಆದರೆ ಆ ಒಂದು ಹಾಳೆ ತನಗೆ ಬೇಕೆಂದಳು. ಅದೊಂದೇ ಇರುವುದು, ಅದು ಹೋದರೆ ತಮ್ಮ ಮಾತನ್ನು ಯಾರೂ ನಂಬುವುದಿಲ್ಲ ಎಂದು ಶಶಿರೇಖಾ ಬೇಡಿಕೊಂಡರು.

“ನಿಮ್ಗೆ ಅಷ್ಟು ದಪ್ಪ ಪುಸ್ತಕ ಐತಲ್ಲಮ್ಮ. ಅವ್ರುದು ಅಂತ ನಂಗಿರಾದು ಇದೊಂದೇ. ಮಣ್ ಮಾಡಾಕೆ ಅವ್ರ ಮೈ ಸಿಗ್ನಿಲ್ಲ.”

ಶಶಿರೇಖಾ ಆ ಪುಟವನ್ನು ಅಕ್ಷರ ಬಿಡದೆ ತಮ್ಮ ನೋಟ್‌ಬುಕ್ಕಿಗೆ ಬರೆದುಕೊಂಡು, ಹಾಳೆಯನ್ನು ನನ್ನಿಂದ ಬಿಡಿಸಿ ಅವಳ ಕೈಗಿಟ್ಟರು. ನನಗೆ ನೋವಾಯಿತು, ಸುಳ್ಳೇಕೆ ಹೇಳಲಿ. ನನ್ನಲ್ಲಿ ಬೆಲೆಬಾಳುವಂಥದ್ದು ಇದ್ದದ್ದು ಅದೊಂದೇ.

ಹಳೆಯ ರನ್‌ವೇಯ ತೆಂಕಣ ತುದಿಯಲ್ಲಿ ಈಗ ಮತ್ತೆ ಹುರುಳಿ ಬೆಳೆಯುತ್ತಾರಂತೆ. ಅಲ್ಲಿ ಒಂದು ಗುಂಡಿ ತೋಡಿ, ಹಾಳೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿ, ಬೀದಿಯವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕಿದರಂತೆ. ಮೂರನೆಯ ದಿನ ಹಾಲು ತುಪ್ಪ ಬಿಟ್ಟರಂತೆ. ಇದೆಲ್ಲ ನಾನು ಕಂಡದ್ದಲ್ಲ, ಶಶಿರೇಖಾ ತಮ್ಮ ಜೊತೆಯ ಮೇಷ್ಟರೊಬ್ಬರಿಗೆ ಹೇಳುವಾಗ ಕೇಳಿಸಿಕೊಂಡದ್ದು.

ನಾನೀಗ ಕಾಲೇಜಿನ ಗಾಜಿನ ಬೀರುವಿನಲ್ಲಿದ್ದೇನೆ. ಬೀಗದ ಕೈ ಆಫೀಸಿನಲ್ಲಿರುತ್ತದೆ, ಕೇಳಿಕೊಂಡು ಬರುವವರು ಯಾರೂ ಇಲ್ಲ. ವಾಡೆಯಲ್ಲಿ ಕತ್ತಲಿತ್ತು, ಇಲ್ಲಿ ಬೆಳಕಿದೆ, ಅಷ್ಟೇ ವ್ಯತ್ಯಾಸ. ಬಿಡುಗಡೆ ಎಂದರೆ ಹೊರಗೆ ಬರುವುದು ಎಂದು ನಾನು ನಂಬಿದ್ದೆ, ಈಗ ಅಷ್ಟು ಖಾತ್ರಿಯಾಗಿ ಹೇಳಲಾರೆ. ಅಕ್ಕಯ್ಯಮ್ಮ ಪ್ರತಿ ಸೋಮವಾರ ಆ ಹುರುಳಿ ಹೊಲಕ್ಕೆ ಹೋಗುತ್ತಾಳಂತೆ. ಮನೆಯ ಬಾಗಿಲನ್ನು ಮುಚ್ಚಿ, ಚಿಲಕ ಹಾಕಿ ಹೋಗುತ್ತಾಳಂತೆ. ಅಲ್ಲಿ ಬಿಸಿಲೇರುವವರೆಗೂ ಅವನ ಪಕ್ಕದಲ್ಲಿ ಕೂತಿದ್ದು ಬರುತ್ತಾಳಂತೆ.