ಪೇರಲದ ಟೊಂಗೆ

ಅದಿರಿಗೆ ಬೆಲೆ ಬಂದ ಕಾಲದಲ್ಲಿ ಸಂಡೂರಿನಲ್ಲಿ ದುಡ್ಡು ಕಂಡ ಮನೆಗಳಿಗೆಲ್ಲ ಸ್ಟೀಲಿನ ಹುಚ್ಚು ಹಿಡಿದಿತ್ತು. ಗೇಟು ಸ್ಟೀಲು, ಮೆಟ್ಟಿಲ ಕಂಬಿ ಸ್ಟೀಲು, ದೇವರ ಜಗಲಿಯ ಮುಂದಿನ ತಡೆಯೂ ಸ್ಟೀಲು. ಒಂದಿದ್ದ ಲಾರಿ ಸಾಲುಗಟ್ಟಿದ ಮೇಲೆ ಹಾಲೇಶನೂ ಯಾರಿಗೂ ಕಡಿಮೆಯಾಗಲಿಲ್ಲ. ಹೆಂಡತಿ ಸುಕನ್ಯಾಳಿಗೆಂದು ಹೊಸಪೇಟೆಯಿಂದ ಒಂದು ಜೋಡಿ ಲವ್ ಬರ್ಡ್ಸ್ ತಂದವನು, ಪಂಜರದಲ್ಲಿದ್ದ ಕಟ್ಟಿಗೆಯ ಕೋಲುಗಳನ್ನು ಕಿತ್ತೆಸೆದು, ಮೆಟ್ಟಿಲ ಕೆಲಸದಲ್ಲಿ ಉಳಿದಿದ್ದ ಸಣ್ಣ ಸ್ಟೀಲ್ ಸರಳುಗಳನ್ನು ಕೂರಿಸಿದ.

"ಕಟ್ಟಿಗಿ ಮ್ಯಾಲೆ ಕುಂದ್ರಾಕ ನಮ್ಮನಿ ಹಕ್ಕಿಗೇನು ಬಡತನ ಬಂದೈತಿ?" ಎಂದು ನಕ್ಕ. ಸುಕನ್ಯಾಳೂ ನಕ್ಕಳು. ಸರಳುಗಳು ಫಳಫಳ ಹೊಳೆಯುತ್ತಿದ್ದವು, ನೋಡಲು ಚೆನ್ನಾಗಿಯೇ ಇದ್ದವು.

ಆಮೇಲೆ ಹಾಲೇಶ ಕೈಗೆ ಸಿಗುವುದೇ ಅಪರೂಪವಾಯಿತು. ಇವತ್ತು ಗಣಿ, ನಾಳೆ ಬಂದರು. ಮನೆಗೆ ಬಂದರೂ ಮೊಬೈಲು ಅವನ ಕಿವಿ ಬಿಡುತ್ತಿರಲಿಲ್ಲ. ಅಕ್ಕಪಕ್ಕದವರೆಲ್ಲ ಅದಿರು ಲಾರಿಗಳ ಕೆಂಪು ಧೂಳಿಗೆ ಹೆದರಿ ಬಾಗಿಲು ಹಾಕಿಕೊಂಡೇ ಇರುತ್ತಿದ್ದರು. ಬೇಸಿಗೆಯಲ್ಲಿ ಗಂಡು ಹಕ್ಕಿ ಸತ್ತಿತು. ಉಳಿದ ಹಸಿರು ಹೆಣ್ಣು ಹಕ್ಕಿಗೆ ಒಂದು ರೂಢಿ ಬಿತ್ತು. ಸುಕನ್ಯಾ ಪಂಜರದ ಬಾಗಿಲು ತೆರೆದು ತೋರುಬೆರಳು ಚಾಚಿದರೆ ಸಾಕು, ಹಾರಿ ಬಂದು ಅದರ ಮೇಲೆ ಕೂರುತ್ತಿತ್ತು. ಇಳಿಸಿದರೂ ಇಳಿಯುತ್ತಿರಲಿಲ್ಲ. ಅವಳು ಒಂದೇ ಕೈಯಲ್ಲಿ ರೊಟ್ಟಿ ಬೇಯಿಸುವುದನ್ನೂ ಕಲಿತಳು. ಈ ಮನೆಯಲ್ಲಿ ನನ್ನನ್ನು ಹುಡುಕಿಕೊಂಡು ಬರುವ ಜೀವ ಇದೊಂದೇ ಎಂದು ಅವಳಿಗೆ ಹೆಮ್ಮೆ. ಆ ಹೆಮ್ಮೆಯ ಮೇಲೇ ಅವಳ ದಿನ ಸಾಗುತ್ತಿತ್ತು.

ಒಂದು ದಿನ ಹಕ್ಕಿಯ ಅಂಗಾಲು ಕೆಂಪಗೆ ಊದಿದ್ದು ಕಂಡಿತು. ಗಾಬರಿಯಾಗಿ ದನದ ಆಸ್ಪತ್ರೆಗೆ ಒಯ್ದಳು.

"ಯಾತರ ಮ್ಯಾಲೆ ಕುಂದ್ರತೈತಿ ಇದು?" ಎಂದರು ಡಾಕ್ಟರು.

"ಸ್ಟೀಲ್ ಸರಳ ಐತ್ರಿ."

"ಅದಕ್ಕ ಹಿಂಗಾಗೈತ್ರಮ್ಮ. ನುಣ್ಣಗ, ಒಂದೇ ದಪ್ಪ ಇರೋದನ್ನ ಹಗಲೂ ರಾತ್ರಿ ಹಿಡಕೊಂಡು ಕುಂತ್ರ ಕಾಲಿನ ಒಂದೇ ಕಡೆ ಭಾರ ಬೀಳತೈತಿ. ಮುಲಾಮು ಕೊಡ್ತೀನಿ. ಆದ್ರ ಗಿಡದ ಟೊಂಗಿ ಹಾಕ್ರಿ, ಒಂದು ದಪ್ಪ, ಒಂದು ಸಣ್ಣ. ಇಲ್ಲಾಂದ್ರ ಇದು ಉಳಿಯಂಗಿಲ್ಲ."

ಮನೆ ಮುಂದಿನ ಬೇವಿನ ಟೊಂಗೆ ಮುರಿದು ತೊಳೆದಳು. ಲಾರಿಗಳ ಧೂಳು ಕುಡಿದೇ ಬೆಳೆದ ಗಿಡ ಅದು. ಎಷ್ಟು ನೀರು ಸುರಿದರೂ ಕೆಂಪು ಹೋಗಲಿಲ್ಲ. ಹಕ್ಕಿ ತೊಗಟೆ ಕುಕ್ಕಿದರೆ ಕೊಕ್ಕೂ ಕೆಂಪಾಯಿತು. ಅಷ್ಟು ದುಡ್ಡು ಓಡಾಡುತ್ತಿದ್ದ ಊರಿನಲ್ಲಿ ಒಂದು ಹಕ್ಕಿ ಕೂರುವಂಥ ಟೊಂಗೆಗೆ ಬರ ಬಂದಿತ್ತು. ಮರುದಿನ ಸುಕನ್ಯಾ ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ತವರೂರು ಬುಕ್ಕಸಾಗರಕ್ಕೆ ಹೋದಳು.

ಅಣ್ಣನ ಮನೆಯ ಹಿತ್ತಲಲ್ಲಿ ಪೇರಲ ಗಿಡವಿತ್ತು. ಅದರ ಎಲೆಗಳು ಹಸಿರಾಗಿಯೇ ಇದ್ದವು. ಒಂದೊಂದು ಟೊಂಗೆಯ ಪಕ್ಕಕ್ಕೂ ತನ್ನ ತೋರುಬೆರಳು ಹಿಡಿದು ನೋಡಿದಳು. ಹಕ್ಕಿಗೆ ಒಗ್ಗುವ ಅಳತೆ ಎಂದು ಅವಳಿಗೆ ಗೊತ್ತಿದ್ದುದು ಅದೊಂದೇ. ಬೆರಳಿನಷ್ಟೇ ಇದ್ದದ್ದು, ಅದಕ್ಕಿಂತ ತುಸು ದಪ್ಪದ್ದು, ಬೆರಳ ಗೆಣ್ಣಿನ ಹಾಗೆ ಅಲ್ಲಲ್ಲಿ ಗಂಟಿದ್ದದ್ದು, ಆರಿಸಿ ಆರಿಸಿ ಕೊಯ್ದಳು.

"ಕಡ್ಡಿ ಒಯ್ಯಾಕ ಇಷ್ಟು ದೂರ ಬಂದ್ಯೇನವ್ವ?" ಅತ್ತಿಗೆ ಪಂಪಮ್ಮ ನಕ್ಕಳು. ಆಮೇಲೆ, "ನೀ ಆರಾಮ ಅದಿ ಹೌದಿಲ್ಲೋ?" ಎಂದಳು.

"ಹೂಂ, ಅತ್ತಿಗಿ."

ಇನ್ನೊಂದು ಸಲ ಕೇಳಿದ್ದರೆ ಎಲ್ಲ ಹೇಳಿಬಿಡುತ್ತಿದ್ದಳು. ಪಂಪಮ್ಮನಿಗೆ ಗದ್ದೆಗೆ ಬುತ್ತಿ ಒಯ್ಯುವ ಹೊತ್ತಾಗಿತ್ತು.

ಸಂಡೂರಿಗೆ ಮರಳಿ ಸ್ಟೀಲ್ ಸರಳುಗಳನ್ನು ಕಿತ್ತು ಹಿತ್ತಲಿಗೆ ಹಾಕಿದಳು; ಟೊಂಗೆಗಳನ್ನು ತೊಳೆದು, ಒಣಗಿಸಿ, ಪಂಜರದಲ್ಲಿ ಸಿಕ್ಕಿಸಿದಳು. ದಿನಗಳೆದಂತೆ ಊತ ಇಳಿಯಿತು. ಒಂದು ಮಧ್ಯಾಹ್ನ ಹಕ್ಕಿ ಒಂದು ಕಾಲನ್ನು ಪುಕ್ಕದೊಳಗೆ ಎಳೆದುಕೊಂಡು, ಕೊಕ್ಕನ್ನು ಬೆನ್ನ ಗರಿಯಲ್ಲಿ ಹುದುಗಿಸಿ ಮಲಗಿತು. ಅದು ಹಾಗೆ ನೆಮ್ಮದಿಯಾಗಿ ಮಲಗಿದ್ದನ್ನು ಅವಳು ಕಂಡೇ ಇರಲಿಲ್ಲ. ಖುಷಿಯಿಂದ ಬಾಗಿಲು ತೆರೆದು ಬೆರಳು ಚಾಚಿದಳು. ಹಕ್ಕಿ ಕಣ್ಣು ತೆರೆದು ಬೆರಳನ್ನು ನೋಡಿ ಮತ್ತೆ ಮುಚ್ಚಿತು. ಸಂಜೆಯೂ ಬರಲಿಲ್ಲ, ಮರುದಿನವೂ ಬರಲಿಲ್ಲ.

ಆಗ ಅವಳಿಗೆ ತಿಳಿಯಿತು. ಆ ಮನೆಯಲ್ಲಿ ಕಾಲು ನೋಯದೆ ಕೂರಲು ಹಕ್ಕಿಗಿದ್ದ ಜಾಗ ಅವಳ ಬೆರಳೊಂದೇ ಆಗಿತ್ತು. ಅದನ್ನೇ ಅವಳು ಪ್ರೀತಿ ಅಂದುಕೊಂಡಿದ್ದಳು. ಅಡುಗೆಮನೆಗೆ ಹೋಗಿ ನಿಂತು ಅತ್ತಳು.

ಹಾಲೇಶ ಫೋನು ಮಾಡಿದ. "ಹಕ್ಕಿ ಹೆಂಗೈತಿ?"

"ಆರಾಮ ಐತ್ರಿ."

"ಚಲೋ ಆತು ಬಿಡು."

ಇನ್ನೊಂದು ಮಾತು ಕೇಳುತ್ತಾನೇನೋ ಎಂದು ಕಾದಳು. ಅವನು ಫೋನು ಇಟ್ಟಾಗಿತ್ತು.

ಸ್ಟೀಲ್ ಸರಳುಗಳು ಹಿತ್ತಲ ಕಟ್ಟೆಯ ಮೇಲೇ ಬಿದ್ದಿದ್ದವು. ಅವನ್ನು ಮತ್ತೆ ಕೂರಿಸಿದರೆ ಹಕ್ಕಿ ಬೆರಳಿಗೆ ಬಂದೇ ಬರುತ್ತದೆ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನ್ನು ಎತ್ತಿಕೊಂಡು ಪಂಜರದ ತನಕ ಹೋದಳು ಕೂಡ. ಬಾಗಿಲ ಚಿಲಕಕ್ಕೆ ಕೈ ಹಾಕಿ ಬಹಳ ಹೊತ್ತು ನಿಂತಳು. ಬೀದಿಯಲ್ಲಿ ಗುಜರಿಯವನು ಕೂಗುತ್ತ ಬಂದ. ಸರಸರನೆ ಹೊರಗೆ ಹೋಗಿ ಸರಳುಗಳನ್ನು ಅವನ ಗಾಡಿಯೊಳಗೆ ಹಾಕಿದಳು.

"ಹೊಸಾವು ಅದಾವಲ್ರವ್ವ, ಯಾಕ ಕೊಡ್ತೀರಿ?"

"ಒಯ್ಯಪ್ಪ. ಮನ್ಯಾಗಿದ್ರ ನನ್ನ ಬುದ್ಧಿ ಕೆಡತೈತಿ."

ಗಾಡಿ ಬೀದಿಯ ತಿರುವು ದಾಟುವ ತನಕ ಗೇಟಿನ ಬಳಿ ನಿಂತಿದ್ದು ಒಳಗೆ ಬಂದಳು. ಹಕ್ಕಿ ಪೇರಲದ ಟೊಂಗೆಯ ಮೇಲೆ ಮಲಗಿತ್ತು. ಅದಕ್ಕೆ ಎಚ್ಚರವಾಗದಂತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.