ಅಂಟಿಸಿದ ಹೊಟ್ಟೆ

ಹೆತ್ತ ಮಗಳ ಮುಖವನ್ನೂ ಅವಳು ಇಷ್ಟು ಹೊತ್ತು ದಿಟ್ಟಿಸಿರಲಿಲ್ಲ. ಅವಳು ಅಧ್ಯಯನ ಮಾಡುತ್ತಿದ್ದ ಚೀಲಹುಳು ಎಂಬ ಪುಟ್ಟ ಪತಂಗಗಳ ಸಹವಾಸವೇ ಅಂಥದ್ದು. ಮರಿಹುಳು ಎಲೆಯ ತುಣುಕು ಕತ್ತರಿಸಿ, ನೂಲು ಸುತ್ತಿ, ತನಗೊಂದು ಚೀಲ ಮಾಡಿಕೊಂಡು ಅದನ್ನು ಹೊತ್ತೇ ಓಡಾಡುತ್ತದೆ. ಯಾವ ಗಿಡ, ಯಾವ ಆಕಾರದ ಚೀಲ ಎಂದು ನೋಡಿದರೆ ಅರ್ಧ ಗುರುತು ಸಿಕ್ಕಂತೆ. ರೆಕ್ಕೆ ಬಂದ ಮೇಲೆ ಮಾತ್ರ ಎಲ್ಲವೂ ಒಂದೇ ಅಚ್ಚಿನ ಬೂದು ಕಡ್ಡಿಗಳು. ಜಾತಿ ಹೇಳಬೇಕಾದರೆ ಹೊಟ್ಟೆ ಕಿತ್ತು, ಕ್ಷಾರದ ನೀರಿನಲ್ಲಿ ಬೇಯಿಸಿ, ತುದಿಯ ಕೂಡುವ ಅಂಗವನ್ನು ಬಿಡಿಸಿ ನೋಡಬೇಕು. ಗುರುತು ಬರೆಯಲು ದೇವರಿಗೆ ಬೇರೆ ಜಾಗವೇ ಸಿಗಲಿಲ್ಲವೇ?

ವಸ್ತುಸಂಗ್ರಹಾಲಯದ ಕೀಟದ ಕೋಣೆಯಲ್ಲಿ ಅವಳ ಸೋದರಮಾವ ನಲವತ್ತು ವರ್ಷ ಪತಂಗಗಳಿಗೆ ಸೂಜಿ ಚುಚ್ಚಿ ಪೆಟ್ಟಿಗೆಗಳಲ್ಲಿ ಜೋಡಿಸಿದವರು. ಎಲ್ಲರ ಬಾಯಲ್ಲೂ ಸೂಜಿಮಾವ. ಮುಳ್ಳಿನ ಪೊದೆಯೊಂದರ ಬಾಗಿದ ಚೀಲದಿಂದ ಅವರು ಸಾಕಿ ತೆಗೆದ ಒಂದು ಪತಂಗದ ಹೊಟ್ಟೆಯನ್ನು ಅವಳು ಬೇಯಿಸಿ ನೋಡಿದರೆ, ಅಂಥ ಅಂಗ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೊಸ ಜಾತಿ! ಬರೆದು ಕಳಿಸಿದರೆ, ಇನ್ನೊಂದು ಮಾದರಿ ತೋರಿಸಿ ಎಂದರು ವಿಜ್ಞಾನ ಪತ್ರಿಕೆಯವರು.

ಆರು ವರ್ಷ ಅವಳು ಅದೇ ಪೊದೆಯ ಚೀಲಗಳನ್ನು ಬಾಟಲಿಗಳಲ್ಲಿ ಸಾಕಿದಳು. ಮುಕ್ಕಾಲು ಪಾಲು ಚೀಲಗಳಿಂದ ಪತಂಗದ ಬದಲು ಅದನ್ನು ಒಳಗೇ ತಿಂದು ಬೆಳೆದ ಪರಾವಲಂಬಿ ಕಣಜದ ಹುಳು ಹೊರಬಂತು. ಉಳಿದ ಪತಂಗಗಳ ಅಂಗ ಎಲ್ಲರಿಗೂ ಗೊತ್ತಿದ್ದ ಹಳೆಯ ಜಾತಿಯದ್ದು. ತಲೆ ಚಚ್ಚಿಕೊಂಡು ಕೊನೆಗೆ, ಒಂದೇ ಗಿಡದಲ್ಲಿ ಒಂದೇ ಥರದ ಚೀಲದ ಎರಡು ಜಾತಿಗಳಿವೆ ಎಂದು ಹಟ ಹಿಡಿದು ವಾದಿಸಿ, ಸಂಪಾದಕರನ್ನು ಒಪ್ಪಿಸಿದಳು. ಲೇಖನದ ಕರಡು ಹಿಡಿದು ಮಾವನ ಮನೆಗೆ ಓಡಿದಳು.

"ಮಾವ, ಈ ಪತಂಗಕ್ಕೆ ನಿಮ್ಮ ಹೆಸರೇ ಇಟ್ಟಿದೀನಿ. ಸೋಮವಾರ ಅಚ್ಚಿಗೆ ಹೋಗುತ್ತೆ."

ಮಾವ ಕನ್ನಡಕ ಏರಿಸಿ ಚಿತ್ರ ನೋಡಿದರು. "ಅಯ್ಯೋ, ಇದಾ! ಎಡರೆಕ್ಕೆ ತುದಿ ಹರಿದಿದ್ದು. ಇದಕ್ಕೆ ಹೊಟ್ಟೆ ಹಾಕಿದ್ದೇ ನಾನು ಕಣೇ."

"ಹಾಕಿದ್ದು ಅಂದ್ರೆ?"

"ಒಣಗಿದ ಮೇಲೆ ಮುಟ್ಟಿದ್ರೆ ಸಾಕು, ಉದುರುತ್ತೆ. ಇದರದ್ದು ಪುಡಿಪುಡಿ ಆಗ್ಹೋಯ್ತು. ಪಾಪ, ನೋಡೋಕೆ ಒಂಥರಾ ಇತ್ತು. ಪೆಟ್ಟಿಗೆ ತಳದಲ್ಲಿ ಒಂದು ಹೊಟ್ಟೆ ಬಿದ್ದಿತ್ತು, ಅಂಟು ಹಚ್ಚಿ ಕೂರಿಸ್ದೆ. ಗೊತ್ತಾಗುತ್ತಾ ನೋಡು!"

ಕ್ಷಾರದ ನೀರಿನಲ್ಲಿ ಅಂದು ಬಿಟ್ಟುಕೊಂಡಿದ್ದ ಕಂದು ಬೊಟ್ಟು ಅವಳಿಗೆ ನೆನಪಾಯಿತು. ಆ ಅಂಟನ್ನೇ ಕೊಳೆ ಎಂದುಕೊಂಡು ಚೆಲ್ಲಿದ್ದಳು. ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಮಾವನ ಮೇಲೋ ತನ್ನ ಮೇಲೋ ತಿಳಿಯಲಿಲ್ಲ.

"ಯಾವುದರ ಹೊಟ್ಟೆ ಮಾವ ಅದು?"

"ಯಾರಿಗೆ ಗೊತ್ತು? ಎಲ್ಲಾ ಒಂದೇ ಥರ ಇರುತ್ವಲ್ಲ."

"ಹೀಗೆ ಮಾಡಿದ್ದು ಇದೊಂದಕ್ಕೇ ತಾನೇ?"

ಮಾವನಿಗೆ ಅವಮಾನವೇ ಆಯಿತು. "ಒಂದಾ? ನನ್ನ ಕೈ ದಾಟಿದ ಒಂದೇ ಒಂದು ಹುಳೂನೂ ನಾನು ಹೊಟ್ಟೆ ಇಲ್ದೆ ಬಿಟ್ಟಿಲ್ಲ. ನಲವತ್ತು ವರ್ಷ!"

ಆ ಕೋಣೆಯ ಪೆಟ್ಟಿಗೆಗಳಲ್ಲಿ ಹನ್ನೊಂದು ಸಾವಿರ ಪತಂಗಗಳಿದ್ದವು.

"ಅದಿರಲಿ, ನನ್ನ ಹೆಸರು ಎಲ್ಲಿ ಬರೆದಿದೀಯ, ತೋರಿಸು," ಎಂದರು ಮಾವ, ಬೆರಳನ್ನು ಸಾಲಿನಿಂದ ಸಾಲಿಗೆ ಸರಿಸುತ್ತ. ಅವಳು ಒಂದು ಕೈಯಿಂದ ಹೆಸರು ತೋರಿಸಿದಳು. ಇನ್ನೊಂದು ಕೈ ಸಂಪಾದಕರಿಗೆ ಕರೆ ಮಾಡಲು ಚೀಲದಲ್ಲಿ ಫೋನು ಹುಡುಕುತ್ತಿತ್ತು.