ಏಳೆಲೆಯ ಕೊಂಬೆ

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದ ದಿನಗಳು. ಬೆಳಿಗ್ಗೆ ಆರೂವರೆ. ಕಾಜಮ್ಮ ಹಿತ್ತಲ ಗೋಡೆಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಗುಲಾಬಿ ಗಿಡದ ಎಲೆ ಎಣಿಸುತ್ತಿದ್ದಳು. ಒಂದು ಕಡ್ಡಿಗೆ ಏಳು. ಇನ್ನೊಂದಕ್ಕೂ ಏಳು. ಮೂರನೆಯದಕ್ಕೂ ಏಳೇ. ಅವಳ ಗುಲಾಬಿಗೆ ಕಡ್ಡಿಗೆ ಐದೆಲೆ. ಮೂವತ್ತೊಂದು ವರ್ಷದಿಂದ ಐದೇ.

"ರೀ, ಸ್ವಲ್ಪ ಇಲ್ಲಿ ಬನ್ನಿ" ಎಂದಳು. ದನಿ ಏರಿಸಲಿಲ್ಲ. ಅವಳು ದನಿ ಏರಿಸದಿದ್ದಾಗಲೇ ಹೆದರಬೇಕೆಂಬುದು ಗಂಡನಿಗೆ ಗೊತ್ತಿತ್ತು. ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಬಂದ.

ದೊಡ್ಡಕ್ಕನಿಗೆ ಮಂಡಿ ಆಪರೇಷನ್ ಆಗಿ, ಕಾಜಮ್ಮ ಮೂರು ತಿಂಗಳು ಅಲ್ಲಿದ್ದು ಹಿಂದಿನ ಸಂಜೆಯಷ್ಟೇ ಬಂದಿದ್ದಳು. ಈ ಗುಲಾಬಿಯನ್ನು ಕೊಟ್ಟವಳು ದೊಡ್ಡಕ್ಕನೇ. ತೆಳು ಗುಲಾಬಿ ಬಣ್ಣ, ಒಂದು ಹೂ ಅರಳಿದರೆ ಅಡುಗೆಮನೆಯವರೆಗೂ ಪರಿಮಳ. ಹೆಸರು ಯಾರಿಗೂ ಗೊತ್ತಿಲ್ಲ. ದೊಡ್ಡಕ್ಕನ ಮನೆಯಲ್ಲಿದ್ದ ಗಿಡ ಹೊಸ ಕೋಣೆ ಕಟ್ಟುವಾಗ ಹೋಯಿತು. "ನನ್ನದನ್ನ ನನಗೇ ವಾಪಸ್ ಕೊಡೇ" ಎಂದು ಕಾಜಮ್ಮ ಹೊರಡುವಾಗ ಅವಳು ಕೈ ಹಿಡಿದುಕೊಂಡು ಕೇಳಿದ್ದಳು. "ಒಂದು ಗಿಡ ಮಾಡಿ ಕಳಿಸ್ತೀನಿ, ಬಿಡು" ಎಂದು ಕಾಜಮ್ಮ ಮಾತು ಕೊಟ್ಟು ಬಂದಿದ್ದಳು.

"ಹೇಗೆ ಬೆಳೆಸಿದೀನಿ ನೋಡು! ಗೋಡೆ ದಾಟಿಬಿಟ್ಟಿದೆ" ಎಂದ ಗಂಡ.

"ನನ್ನ ಗುಲಾಬಿ ಎಲ್ಲಿ?"

"ಇದೇ ಅಲ್ವೇನೇ?"

"ಇದು ಕಾಡು ಗಿಡ ಕಣ್ರೀ. ಕಸಿ ಕಟ್ಟಿದ ಗಂಟಿನ ಕೆಳಗಿಂದ ಎದ್ದಿದ್ದು. ಕಾಲಾಗಿ ಇದ್ದಿದ್ದನ್ನ ನೀವು ತಲೆ ಮಾಡಿದೀರಿ. ಹಳೇ ಕೊಂಬೆಗಳೆಲ್ಲ ಎಲ್ಲಿ ಹೋದ್ವು?"

ಅವನು ಬ್ರಷ್ಷನ್ನು ಬಾಯಿಂದ ತೆಗೆದ. "ಸೊರಗಿದ್ವು. ಇದಕ್ಕೆ ಕಸುವು ಸಿಗಲಿ ಅಂತ ಕತ್ತರಿಸ್ದೆ."

ಅವನು ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತನಾದವನು. "ಮೂವತ್ತು ವರ್ಷ ಆ ಡಬ್ಬಿಯಲ್ಲಿ ನಿಂತು, ಮೇಲೆ ಹೋಗೋದೆಲ್ಲ ನಿಮಗೆ ಒಳ್ಳೇದಾಗೇ ಕಾಣತ್ತೆ" ಎಂದಳು. ಬುಡದಲ್ಲಿ ಗೇಣುದ್ದದ ಒಂದೇ ಒಂದು ಹಳೆಯ ಕೊಂಬೆ ಉಳಿದಿತ್ತು. ಅದರಲ್ಲಿ ಚಿಗುರೊಡೆಯುವ ಕಣ್ಣು ಮೂರು.

ನರ್ಸರಿಯವನನ್ನು ಗಂಡನೇ ಕರೆದುಕೊಂಡು ಬಂದ. ತಪ್ಪಿಗೆ ದಂಡವೆಂಬಂತೆ ಹೊಸ ಗುಲಾಬಿಯ ನಾಲ್ಕು ಕುಂಡವನ್ನೂ ಹೊರಿಸಿಕೊಂಡು ಬಂದಿದ್ದ. ಒಂದು ಕಡುಗೆಂಪು, ಒಂದು ಹಳದಿ, ಒಂದು ಕಿತ್ತಳೆ, ಒಂದರಲ್ಲಿ ಎರಡೆರಡು ಬಣ್ಣ. ಕಾಜಮ್ಮ ಒಂದೊಂದಕ್ಕೂ ಮೂಗೊಡ್ಡಿ ನೋಡಿದಳು.

"ಚೆನ್ನಾಗಿದಾವಪ್ಪ. ಕ್ಯಾಲೆಂಡರಿನ ಹೂವಿನ ಥರ."

"ಹತ್ತು ದಿನ ಬಾಡಲ್ಲ ಕಣಮ್ಮ ಇವು" ಎಂದ ನರ್ಸರಿಯವನು. "ನಿಮ್ಮದು ಹಳೇ ಜಾತಿ. ಎರಡೇ ದಿನಕ್ಕೆ ಉದುರತ್ತೆ. ಯಾಕೆ ಬೇಕು?"

ಆದರೂ ಅವಳ ಒತ್ತಾಯಕ್ಕೆ ಎರಡು ಕಣ್ಣು ಬಿಡಿಸಿಕೊಂಡು, ತಾನು ತಂದ ಎರಡು ಕಾಡು ಸಸಿಗಳಿಗೆ ಅಲ್ಲೇ ಕೂರಿಸಿದ. ನೆತ್ತಿ ಸುಡುವ ಮಧ್ಯಾಹ್ನ. ಬಿಡಿಸಿದ ಕಣ್ಣುಗಳು ಕಲ್ಲಿನ ಮೇಲೆ ಒಣಗುತ್ತಿದ್ದಾಗ ಅವನು ಫೋನಿನಲ್ಲಿ ಮಾತಾಡಿದ. ಆಮೇಲೆ ಸಸಿಯ ಸಿಪ್ಪೆ ಸೀಳಿದ. ಚಾಕು ಸಿಪ್ಪೆ ದಾಟಿ ಒಳಗಿನ ಮರಕ್ಕೆ ಕಚ್ಚಿದ ಸದ್ದು ಕಾಜಮ್ಮನ ಕಿವಿಗೆ ಬಿತ್ತು. ಇಪ್ಪತ್ತು ದಿನಕ್ಕೆ ಎರಡೂ ಕಪ್ಪಗಾದವು.

"ನಾನು ಹೇಳಲಿಲ್ವಾ? ಅದರ ಆಯಸ್ಸು ಮುಗಿದಿದೆ" ಎಂದ, ನೋಡಲು ಬಂದ ನರ್ಸರಿಯವನು.

"ಇನ್ನೊಂದು ಕಣ್ಣಿದೆಯಲ್ಲ. ನಾನೇ ಕೂರಿಸ್ತೀನಿ."

ಅವನು ನಕ್ಕ. "ಹತ್ತು ಸಾವಿರ ಕಸಿ ಕಟ್ಟಿರೋ ಕೈ ಇದು, ಇದರಲ್ಲೇ ಆಗಲಿಲ್ಲ. ಅಂಗಿಗೆ ಕಾಜಾ ಹೊಲಿಯೋ ಕೈಲಿ ಆಗತ್ತಾ?"

ಆ ಮಾತು ನಾಟಿತು. ಟೈಲರ್ ಅಂಗಡಿಯ ಕಿಟಕಿ ಪಕ್ಕ ಕೂತು ಮೂವತ್ತೆಂಟು ವರ್ಷ ಗುಂಡಿಯ ಕಾಜಾ ಹೊಲಿದವಳು ಅವಳು; ಕಾಜಮ್ಮ ಎಂಬ ಹೆಸರು ಬಂದದ್ದೂ ಅದರಿಂದಲೇ. ಎರಡು ವರ್ಷದ ಹಿಂದೆ ಅಂಗಡಿಗೆ ಕಾಜಾ ಮೆಷಿನ್ ಬಂತು. "ಇನ್ನು ಆರಾಮಾಗಿರಿ" ಎಂದರು. ಅಂದಿನಿಂದ ಕೈಗಳಿಗೆ ಏನು ಹೇಳಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ಎರಡು ದಿನ ಗಿಡಕ್ಕೆ ಚೆನ್ನಾಗಿ ನೀರು ಕೊಟ್ಟಳು. ಮೂರನೆಯ ದಿನ, ಬಿಸಿಲೇರುವ ಮೊದಲು, ಕೆಲಸದ ಡಬ್ಬಿಯಿಂದ ಅರ್ಧ ಬ್ಲೇಡು ತೆಗೆದಳು.

"ಯಾವುದಕ್ಕೆ ಕೂರಿಸ್ತೀಯೇ? ಸಸಿ ತರಲಾ?" ಎಂದ ಗಂಡ.

"ಸಸಿ ಯಾಕೆ? ನೀವು ಸಾಕಿದ್ದು ಇದೆಯಲ್ಲ, ಮೈಯೆಲ್ಲ ಕಸುವು ತುಂಬಿಕೊಂಡು."

ಅವನ ಮುಖ ನೋಡುವ ಹಾಗಿತ್ತು.

ಕೊನೆಯ ಕಣ್ಣನ್ನು ಸಿಪ್ಪೆಸಮೇತ, ಎಲೆಯ ತೊಟ್ಟು ಉಳಿಸಿ ಬಿಡಿಸಿದಳು. ಒಣಗಬಾರದೆಂದು, ದಾರ ಹಿಡಿಯುತ್ತಿದ್ದ ಹಾಗೆಯೇ ತುಟಿಗಳ ನಡುವೆ ಇಟ್ಟುಕೊಂಡಳು. ಏಳೆಲೆಯ ಕೊಂಬೆಯ ಬುಡದಲ್ಲಿ ಅಡ್ಡ ಒಂದು ಗೀರು, ಅದರ ನಡುವಿನಿಂದ ಕೆಳಕ್ಕೆ ಒಂದು. ಕಾಜಾ ಸೀಳುವಾಗ ಬ್ಲೇಡು ಗುರುತಿನಿಂದ ಒಂದೆಳೆ ದಾಟಿದರೆ ಅಂಗಿಯೇ ಹಾಳು. ಎಲ್ಲಿ ನಿಲ್ಲಬೇಕೆಂಬುದು ಬೆರಳಿಗೇ ಗೊತ್ತಿರಬೇಕು. ಬೆರಳು ಮರೆತಿರಲಿಲ್ಲ. ಮರಕ್ಕೆ ತಾಗುವ ಮೊದಲೇ ಬ್ಲೇಡು ನಿಂತಿತು. ಸಿಪ್ಪೆ ಒದ್ದೆಯಾಗಿ ತೆರೆದುಕೊಂಡಿತು. ಗುಂಡಿ ಹಾಕಿದಂತೆ ಕಣ್ಣನ್ನು ಒಳಗೆ ಜಾರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದಳು.

"ಇಪ್ಪತ್ತೊಂದು ದಿನ ಯಾರೂ ಮುಟ್ಟಕೂಡದು" ಎಂದಳು.

"ಯಾರೂ ಅಂದ್ರೆ ನಾನೇ ತಾನೇ?"

"ಇನ್ಯಾರಿದಾರೆ ಇಲ್ಲಿ?"

ಇಪ್ಪತ್ತೆರಡನೆಯ ದಿನ ಇಬ್ಬರೂ ಗಿಡದ ಮುಂದೆ ಕೂತರು. ಒಣಗಿದ ತೊಟ್ಟು ಅಂಟಿಕೊಂಡೇ ಇದ್ದರೆ ಕಣ್ಣು ಸತ್ತಿದೆ; ಮುಟ್ಟಿದಾಕ್ಷಣ ಕಳಚಿದರೆ ಹಿಡಿದಿದೆ. ಅವಳು ಕಿರುಬೆರಳಿನ ತುದಿ ತಾಗಿಸಿದಳು. ತೊಟ್ಟು ಟಪ್ಪನೆ ಉದುರಿತು. ಅದರಡಿಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚಿಗುರು.

ಗಂಡ ಕೂತಲ್ಲೇ ಚಪ್ಪಾಳೆ ತಟ್ಟಿದ. ಕಾಜಮ್ಮ ಗರಗಸ ಅವನ ಕೈಗೆ ಕೊಟ್ಟಳು. "ಚಿಗುರಿನ ಮೇಲಿರೋದೆಲ್ಲ ಹೋಗಬೇಕು. ನೀವೇ ಕತ್ತರಿಸಿ."

ಗೋಡೆ ದಾಟಿದ್ದ ಕೊಂಬೆಯನ್ನು ಅವನು ಒಮ್ಮೆ ತಲೆಯೆತ್ತಿ ನೋಡಿದ. ಆಮೇಲೆ ಬಗ್ಗಿ ಗರಗಸ ಎಳೆದ.

ಮೊದಲ ಮಳೆ ಬಂದ ವಾರ ಮೊದಲ ಹೂ ಅರಳಿತು. ನಾಲ್ಕು ಕುಂಡಗಳಿಗೆ ಗೊಬ್ಬರ ಕೊಡಲು ಬಂದ ನರ್ಸರಿಯವನು ಬಾಗಿಲಲ್ಲೇ ನಿಂತು ಮೂಗರಳಿಸಿದ. ಹಿತ್ತಲಿಗೆ ಹೋಗಿ ಚಪ್ಪಲಿ ಬಿಟ್ಟು ಕೂತು, ಕಸಿಯ ಗಂಟನ್ನು ಹೆಬ್ಬೆರಳಿನಿಂದ ಸವರಿದ. ಗಾಯದ ಗುರುತೇ ಇರಲಿಲ್ಲ.

"ಯಾರಮ್ಮ ಕಟ್ಟಿದ್ದು?"

"ಕಾಜಾ ಹೊಲಿಯೋ ಕೈ."

ಅವನು ಬಗ್ಗಿ ಹೂವನ್ನು ಮೂಸಿದ. "ಎರಡು ಕಡ್ಡಿ ಕೊಡ್ತೀರಾ?"

"ಕಡ್ಡಿ ಕೊಡಲ್ಲಪ್ಪ. ಸಸಿ ತಂದಿಡು. ಕಣ್ಣು ನಾನು ಕೂರಿಸ್ತೀನಿ. ನೀನು ಪಕ್ಕದಲ್ಲಿ ಕೂತು ನೋಡು, ಫೋನು ಒಳಗಿಟ್ಟು ಬಾ."

ಕೊಂಬೆಗಳು ಬಲಿತ ಮೇಲೆ ಹನ್ನೆರಡು ಸಸಿ ತಂದ. ಹನ್ನೊಂದು ಹಿಡಿದವು. ಮೊದಲು ಮೊಗ್ಗು ಬಿಟ್ಟದ್ದನ್ನು ಕುಂಡಕ್ಕೆ ಹಾಕಿ, ದೊಡ್ಡಕ್ಕನಿಗೆಂದು ತೆಗೆದಿಟ್ಟಳು. ತಾನೇ ಒಯ್ಯುತ್ತೇನೆಂದು ಗಂಡ ಹಟ ಹಿಡಿದ.

ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ತಡೆದ. "ಕುಂಡ ಮೇಲೆ ಹಾಕಿ ಯಜಮಾನ್ರೇ."

"ಮೇಲೆ ಬೇಡಪ್ಪ" ಎಂದ ಅವನು. "ಇದು ನನ್ನ ಮಡಿಲಲ್ಲೇ ಇರಲಿ."

ಕಾಜಮ್ಮ ಕೆಳಗೆ ನಿಂತು ನೋಡಿದಳು. ಕಿಟಕಿಯೊಳಗೆ ಅವನು ಗಿಡದ ಮೇಲೆ ಬಾಗಿದ್ದ. ಬೆರಳು ಒಂದು ಕಡ್ಡಿಯ ಉದ್ದಕ್ಕೂ ಸರಿಯುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ಎಣಿಕೆ ಐದಕ್ಕೆ ನಿಂತಿತು. ಬಸ್ಸು ಹೊರಟಿತು.